ಹೊಸ ದೇಶದಲ್ಲಿ ಅಕ್ಕನ ಹೆಸರಲ್ಲಿ ಏನಿದೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ಅಡುಗೆ ಮಾಡ್ತಾ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ವಿದೇಶಕ್ಕೆ ಹೋಗಿ ನೆಲೆಸೋದು. ಆದರೆ ವೀಸಾ ಹೇಗೆ ಸಿಗುತ್ತೆ, ಪಾಯಿಂಟ್ಸ್ ಎಷ್ಟು ಬೇಕು ಅನ್ನೋದಲ್ಲ. ಅದಕ್ಕೆ ಯೂಟ್ಯೂಬ್ ತುಂಬಾ ವಿಡಿಯೋ ಇವೆ. ಸಂಸಾರ ಸಮೇತ ಹೋಗಿ ಇಳಿದ ಮೇಲೆ ಯಾವ ಯಾವ ಕಾಗದ ಯಾರ ಹೆಸರಲ್ಲಿ ಆಗುತ್ತೆ ಅನ್ನೋದರ ಬಗ್ಗೆ ಮಾತಾಡೋಣ. ಬಿ.ಕಾಂ ಓದಿದವನಿಗೆ ಮೊದಲು ಕಣ್ಣಿಗೆ ಬೀಳೋದೇ ಅದು, ಏನ್ಮಾಡೋದು!

ನನ್ನ ಅಕ್ಕ, ಭಾವ, ಅವರ ಮಗಳು 2022ರ ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಕೆನಡಾಕ್ಕೆ ಹೋದ್ರು. ಟೊರಾಂಟೊ ಪಕ್ಕದ ಮಿಸಿಸಾಗಾ. ಪಿ.ಆರ್. ಕೈಯಲ್ಲಿ ಹಿಡಿದೇ ಹೋಗಿದ್ದು. ಭಾವ ಸಾಫ್ಟ್‌ವೇರ್. ಅಕ್ಕ ಇಲ್ಲಿ ಎಂಟು ವರ್ಷ ಒಬ್ಬ ಲೆಕ್ಕಪರಿಶೋಧಕರ ಆಫೀಸಲ್ಲಿ ಅಕೌಂಟ್ಸ್ ನೋಡ್ತಿದ್ದೋಳು. ಇಡೀ ಮನೆಯ ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು.

ಅಲ್ಲಿ ಇಳಿದ ಕೂಡಲೇ ಸರ್ಕಾರ ಕೊಡೋದೆಲ್ಲ ತಲೆಗೊಂದು. ಪಿ.ಆರ್. ಕಾರ್ಡ್ ಒಬ್ಬೊಬ್ಬರಿಗೂ ಬೇರೆ. ಒಂಬತ್ತು ಅಂಕಿಯ ಸಿನ್ ನಂಬರ್ ಬೇರೆ, ಅದು ನಮ್ಮ ಪ್ಯಾನ್ ಇದ್ದ ಹಾಗೆ. ಹೆಲ್ತ್ ಕಾರ್ಡ್ ಮಗುವಿಗೂ ಬೇರೆ. ಅಲ್ಲಿಗೆ ಎಲ್ಲ ಸರಿ. ಆಮೇಲೆ ಮನೆ ಬಾಡಿಗೆ, ಬ್ಯಾಂಕು, ಮೊಬೈಲು, ಇಂಟರ್ನೆಟ್ಟು, ಕರೆಂಟ್ ಬಿಲ್ಲು ಶುರುವಾಗುತ್ತೆ. ಕೆಲಸ ಇರೋದು ಭಾವನಿಗೆ, ಸಂಬಳದ ಚೀಟಿ ಇರೋದು ಅವರ ಹತ್ರ. ಹಾಗಾಗಿ ಎಲ್ಲ ಅವರ ಹೆಸರಲ್ಲೇ ಆಯ್ತು. ಯಾರದ್ದೂ ಕೆಟ್ಟ ಬುದ್ಧಿ ಅಲ್ಲ, ಬೇಗ ಮುಗೀಲಿ ಅಂತ ಅಷ್ಟೆ.

2024ರ ಜನವರಿಯಲ್ಲಿ ಭಾವನ ತಾಯಿಗೆ ಸೊಂಟದ ಆಪರೇಷನ್ ಆಯ್ತು. ಅವರು ಆರು ವಾರ ಊರಿಗೆ ಬಂದ್ರು. ಅಲ್ಲಿ ಅಕ್ಕ, ಐದು ವರ್ಷದ ಮಗು, ಹೊರಗೆ ಹಿಮ. ಎರಡನೇ ವಾರ ಇಂಟರ್ನೆಟ್ ಹೋಯ್ತು. ಕಂಪನಿಗೆ ಫೋನ್ ಮಾಡಿದ್ರೆ, ನೀವು ಖಾತೆದಾರರಲ್ಲ, ನಿಮ್ಮ ಜೊತೆ ಮಾತಾಡೋಕಾಗಲ್ಲ ಅಂದ್ರು. ಅದಾದ ನಾಲ್ಕು ದಿನಕ್ಕೆ ಮನೆ ಮಾಲೀಕರು ಮನೆ ಮಾರೋ ಯೋಚನೆ ಇದೆ ಅಂದ್ರು. ಅಕ್ಕ ಬೇರೆ ಮನೆ ವಿಚಾರಿಸೋಕೆ ಹೋದರೆ, ನಿಮ್ಮ ಕ್ರೆಡಿಟ್ ರಿಪೋರ್ಟ್ ಕೊಡಿ ಅಂತ ಕೇಳಿದ್ರು. ಅವಳದ್ದು ಅಂತ ಒಂದು ರಿಪೋರ್ಟೇ ಇರ್ಲಿಲ್ಲ. ಹದಿನೇಳು ತಿಂಗಳಿಂದ ಆ ಊರಲ್ಲಿದ್ದಾಳೆ, ಕಾಗದದ ಪ್ರಕಾರ ಅವಳು ಬಂದೇ ಇಲ್ಲ!

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮಲ್ಲಿ ಸಿಬಿಲ್ ಸ್ಕೋರ್ 300ರಿಂದ 900. ಕೆನಡಾದಲ್ಲೂ ಕ್ರೆಡಿಟ್ ಸ್ಕೋರ್ 300ರಿಂದ 900. ಆದರೆ ಇಲ್ಲಿನ ಒಳ್ಳೆ ಸ್ಕೋರ್ ಸಾಮಾನ್ಯವಾಗಿ ಸಮುದ್ರ ದಾಟಲ್ಲ, ಅಲ್ಲಿ ಸೊನ್ನೆಯಿಂದ ಕಟ್ಟಬೇಕು. ಮತ್ತೆ ಅದು ಕುಟುಂಬದ ಸ್ಕೋರ್ ಅಲ್ಲ, ಒಬ್ಬ ವ್ಯಕ್ತಿಯದ್ದು. ಗಂಡನ ಕ್ರೆಡಿಟ್ ಕಾರ್ಡಿಗೆ ಹೆಂಡತಿ ಹೆಸರಲ್ಲಿ ಇನ್ನೊಂದು ಆಡ್-ಆನ್ ಕಾರ್ಡ್ ತಗೋತಾರಲ್ಲ, ಎಷ್ಟೋ ಸಲ ಅದರ ಲೆಕ್ಕ ಮುಖ್ಯ ಖಾತೆದಾರನಿಗೇ ಹೋಗುತ್ತೆ. ಜಾಯಿಂಟ್ ಉಳಿತಾಯ ಖಾತೆ ಇದ್ದರೂ ಸ್ಕೋರ್ ಹುಟ್ಟಲ್ಲ. ತಿಂಗಳು ತಿಂಗಳು ದಿನಸಿ ತಂದಿದ್ದು ಅಕ್ಕ, ಇತಿಹಾಸ ಬೆಳೆದಿದ್ದು ಭಾವನದ್ದು.

ಇಲ್ಲೊಂದು ವಿಚಿತ್ರ ನೋಡಿ. ನಮ್ಮೂರಲ್ಲಿ ರೇಷನ್ ಕಾರ್ಡ್‌ನಲ್ಲಿ ಮನೆಯ ಯಜಮಾನಿ ಅಂತ ಹೆಂಗಸಿನ ಹೆಸರೇ ಇರುತ್ತೆ, 2013ರ ಆಹಾರ ಭದ್ರತಾ ಕಾಯ್ದೆ ಹಾಗೇ ಹೇಳುತ್ತೆ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವಳ ಹೆಸರಿಗೇ. ಅಂಥ ಊರಿಂದ ಹೋದವಳು ಮುಂದುವರಿದ ದೇಶದಲ್ಲಿ ಬರೀ ಒಬ್ಬರ ಹೆಂಡತಿಯಾಗಿ ಉಳಿದುಬಿಡ್ತಾಳೆ. ಅಲ್ಲಿನ ಕಾನೂನು ಅದನ್ನ ಕೇಳೇ ಇಲ್ಲ. ನಾವೇ ಸೂಟ್‌ಕೇಸಲ್ಲಿ ಅಭ್ಯಾಸ ತುಂಬ್ಕೊಂಡು ಹೋಗಿರ್ತೀವಿ. ನಿಜ ಹೇಳಬೇಕಂದ್ರೆ, ಕೆನಡಾ ಚೈಲ್ಡ್ ಬೆನಿಫಿಟ್ ಅಂತ ಮಕ್ಕಳಿಗಾಗಿ ತಿಂಗಳು ತಿಂಗಳು ಬರೋ ದುಡ್ಡಿಗೆ, ತಂದೆ ತಾಯಿ ಒಂದೇ ಮನೇಲಿದ್ರೆ ಸಾಮಾನ್ಯವಾಗಿ ತಾಯಿಯೇ ಅರ್ಜಿ ಹಾಕಬೇಕು. ಅದಕ್ಕೆ ತೆರಿಗೆಯೂ ಇಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಬೇಕು, ಆದಾಯ ಸೊನ್ನೆ ಇದ್ದರೂ ಸರಿ.

ಅಕ್ಕ ಆ ಚಳಿಗಾಲದಲ್ಲಿ ಶುರು ಮಾಡಿದ್ಲು. ಮೊದಲು ತನ್ನದೇ ಬ್ಯಾಂಕ್ ಖಾತೆ. ಆಮೇಲೆ ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್, ಅಂದ್ರೆ ನಮ್ಮ ದುಡ್ಡನ್ನೇ ಠೇವಣಿ ಇಟ್ಟು ತಗೊಳ್ಳೋ ಕಾರ್ಡ್. ಅವಳು ಇಟ್ಟಿದ್ದು 500 ಡಾಲರ್. ಮಿತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಪಯೋಗಿಸಲಿಲ್ಲ, ಬಿಲ್ ಒಂದು ದಿನವೂ ತಡ ಮಾಡಲಿಲ್ಲ. ಪೋಸ್ಟ್‌ಪೇಯ್ಡ್ ಮೊಬೈಲ್ ತನ್ನ ಹೆಸರಿಗೆ ತಗೊಂಡ್ಲು. ಪಿ.ಆರ್. ಇರೋರಿಗೆ ಸರ್ಕಾರದ ಇಂಗ್ಲಿಷ್ ತರಗತಿ ಉಚಿತ, ಲಿಂಕ್ ಅಂತಾರೆ, ಅದಕ್ಕೆ ಸೇರಿದ್ಲು. ನಿನಗೆ ಇಂಗ್ಲಿಷ್ ಬರುತ್ತಲ್ಲ ಅಂತ ಕೇಳಿದೆ. ಅದಕ್ಕವಳು, "ಇಂಗ್ಲಿಷ್ ಬರುತ್ತೆ ಕಣೋ, ಫೋನಲ್ಲಿ ಜಗಳ ಆಡೋಕೆ ಬರಲ್ಲ" ಅಂದ್ಲು.

ಮಾರ್ಚ್ ಬಂತು. ಅಲ್ಲಿ ರಿಟರ್ನ್‌ಗೆ ಏಪ್ರಿಲ್ 30 ಕೊನೆ ದಿನ. ಕಡಿಮೆ ಆದಾಯದವರಿಗೆ ಸ್ವಯಂಸೇವಕರು ಉಚಿತವಾಗಿ ರಿಟರ್ನ್ ತುಂಬಿಕೊಡೋ ಕ್ಲಿನಿಕ್‌ಗಳಿವೆ. ಅಕ್ಕ ಸ್ವಯಂಸೇವಕಿಯಾಗಿ ಕೂತ್ಲು. ದಾವಣಗೆರೆಯ ಎಂಟು ವರ್ಷ ಯಾರೂ ಕೇಳಲಿಲ್ಲ, ಆದರೆ ಆ ಆರು ಶನಿವಾರ ಅವಳ ರೆಸ್ಯೂಮೆಯಲ್ಲಿ ಅಲ್ಲಿನ ಅನುಭವ ಅಂತಾಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಬುಕ್‌ಕೀಪಿಂಗ್ ಕೆಲಸ ಸಿಕ್ತು. ಸಂಬಳ ದೊಡ್ಡದಲ್ಲ. ಮಾಲೀಕರು ಕೊನೆಗೂ ಮನೆ ಮಾರಿದ ಮೇಲೆ ಇವರು ಬೇರೆ ಮನೆಗೆ ಹೋದ್ರು. ಆ ಬಾಡಿಗೆ ಕರಾರಿನಲ್ಲಿ ಇಬ್ಬರ ಸಹಿಯೂ ಇದೆ.

ಹೊರಡೋಕೆ ರೆಡಿಯಾಗ್ತಿರೋರು ಇಷ್ಟು ನೆನಪಿಟ್ಕೊಳ್ಳಿ. ಇಬ್ಬರಿಗೂ ಡ್ರೈವಿಂಗ್ ಲೈಸೆನ್ಸ್ ಇದ್ದರೆ, ಇಬ್ಬರದ್ದೂ ಅನುಭವದ ಪತ್ರ ಇಲ್ಲಿನ ಆರ್‌ಟಿಒದಿಂದ ತಗೊಂಡು ಹೋಗಿ. ಒಂಟಾರಿಯೊದಲ್ಲಿ ಹೊಸದಾಗಿ ನೆಲೆಸೋರಿಗೆ ನಮ್ಮ ಲೈಸೆನ್ಸ್ ನಡೆಯೋದು 60 ದಿನ ಮಾತ್ರ. ಆಮೇಲೆ ಅಲ್ಲಿನ ಲೈಸೆನ್ಸ್ ತಗೊಳ್ಳುವಾಗ ಆ ಪತ್ರ ಇದ್ದರೆ ಕಾಯೋ ಅವಧಿ ಕಡಿಮೆಯಾಗುತ್ತೆ. ಮಗುವಿನ ಲಸಿಕೆ ದಾಖಲೆ ಇಟ್ಕೊಳ್ಳಿ, ಶಾಲೆಗೆ ಬೇಕು. ನಮ್ಮ ಅಕ್ಕನ ತಾಯಿ ಕಾರ್ಡ್ ಕನ್ನಡದಲ್ಲಿತ್ತು, ಇಲ್ಲೇ ವೈದ್ಯರಿಂದ ಇಂಗ್ಲಿಷಲ್ಲಿ ಬರೆಸ್ಕೊಂಡು ಹೋಗಿದ್ದಕ್ಕೆ ಕಷ್ಟ ಆಗಲಿಲ್ಲ. ಹೆಂಡತಿಯ ಅಂಕಪಟ್ಟಿ, ಕೆಲಸದ ಪತ್ರ ಅಲಮಾರದಲ್ಲಿ ಬಿಡಬೇಡಿ. ಅಲ್ಲಿ ಹೋದ ಮೊದಲ ತಿಂಗಳೇ, ಪ್ರತಿ ಫಾರ್ಮ್ ತುಂಬುವಾಗ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಎರಡನೇ ಹೆಸರು ಹಾಕಬಹುದಾ?

ಕೆಲವರು ಇದನ್ನ ಗಂಡ ಹೆಂಡತಿ ನಡುವಿನ ಅಪನಂಬಿಕೆ ಅಂತಾರೆ. ನನಗೆ ಹಾಗನ್ನಿಸಲ್ಲ. ಒಬ್ಬರ ಕೆಲಸ ಹೋದ್ರೆ, ಒಬ್ಬರು ಹಾಸಿಗೆ ಹಿಡಿದ್ರೆ, ಇನ್ನೊಬ್ಬರು ಮನೆ ನಡೆಸೋಕಾಗಬೇಕು. ಒಂದೇ ಕಂಬದ ಮೇಲೆ ಮನೆ ಕಟ್ಟೋರನ್ನ ನಮ್ಮೂರ ಮೇಸ್ತ್ರಿಗಳೂ ಬೈತಾರೆ. ಅದೂ ಗೊತ್ತಿಲ್ಲದ ನೆಲ, ಆರು ತಿಂಗಳು ಚಳಿ, ಕರೆದ್ರೆ ಓಡಿ ಬರೋಕೆ ನಾವ್ಯಾರೂ ಪಕ್ಕದಲ್ಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೇಲಿ ಯಾರಾದ್ರೂ ವಿದೇಶಕ್ಕೆ ಹೊರಟಿದ್ರೆ ಈ ಎಪಿಸೋಡ್ ಕಳಿಸಿ. ಗಂಡನಿಗೊಂದು ಸಲ, ಹೆಂಡತಿಗೊಂದು ಸಲ, ಬೇರೆ ಬೇರೆ ಕಳಿಸಿ. ಸಿಗೋಣ, ನಮಸ್ಕಾರ.