ಮೇವು ಮೊದಲು, ಮೀನು ಆಮೇಲೆ
(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೊಟ್ಟಿಗೆಗೆ ಹೊಸ ಆಕಳನ್ನು ತರುವ ಮಲೆನಾಡಿನ ಗೃಹಸ್ಥನು ಮೊದಲು ಮೇವಿನ ಲೆಕ್ಕ ಹಾಕುತ್ತಾನೆ. ಬೆಟ್ಟದಲ್ಲಿ ಸೊಪ್ಪೆಷ್ಟು, ಗೋಮಾಳದಲ್ಲಿ ಹುಲ್ಲೆಷ್ಟು, ಬಣವೆಯು ಮಳೆಗಾಲ ಮುಗಿಯುವವರೆಗೆ ಸಾಕಾದೀತೇ ಎಂದು ನೋಡಿದ ಬಳಿಕವೇ ಆಕಳಿನ ಹಗ್ಗ ಹಿಡಿಯುತ್ತಾನೆ. ಇಂದು ಅಂಥ ಎಷ್ಟೋ ಮನೆಗಳ ಜಗುಲಿಗೆ ಗಾಜಿನ ಅಕ್ವೇರಿಯಂ ಬಂದಿದೆ. ಅದರ ಗಾಜಿಗೆ ಪಾಚಿ ಕಟ್ಟಿದಾಗ, ಪಾಚಿ ತಿನ್ನುವ ಮೀನನ್ನು ಪೇಟೆಯಿಂದ ತರುವವರು ಮಾತ್ರ ಈ ಲೆಕ್ಕವನ್ನು ಮರೆಯುತ್ತಾರೆ. ಆ ಮರೆವಿಗೆ ಬಲಿಯಾಗುವ ಪುಟ್ಟ ಜೀವಿಯೊಂದರ ವಿಚಾರವೇ ಈ ಉಪನ್ಯಾಸದ ವಸ್ತು.

ಆ ಜೀವಿಯ ಹೆಸರು ಓಟೋಸಿಂಕ್ಲಸ್. ಹವ್ಯಾಸಿಗಳ ಬಾಯಲ್ಲಿ ಓಟೋ. 1871ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಡ್ರಿಂಕರ್ ಕೋಪ್ ಈ ಕುಲಕ್ಕೆ ಹೆಸರಿಟ್ಟರು. ಇದು ದಕ್ಷಿಣ ಅಮೆರಿಕದ ನದಿಗಳ ಕ್ಯಾಟ್‌ಫಿಶ್. ಉದ್ದ ಸಾಮಾನ್ಯವಾಗಿ 3ರಿಂದ 5 ಸೆಂಟಿಮೀಟರ್. ಮೈಮೇಲೆ ಎಲುಬಿನ ಫಲಕಗಳ ಕವಚ, ತಲೆಯ ಅಡಿಯಲ್ಲಿ ಅಂಟಿಕೊಳ್ಳುವ ಬಾಯಿ. ಹೊಳೆಯಂಚಿನ ಜಲಸಸ್ಯಗಳ ಎಲೆಗಳ ಮೇಲೆ ಗುಂಪುಗುಂಪಾಗಿ ಕುಳಿತು, ಮೆದು ಪಾಚಿಯನ್ನೂ ಅದರೊಡನೆ ಬೆಳೆದ ಸೂಕ್ಷ್ಮಜೀವಿಗಳ ಪದರವನ್ನೂ ಹಗಲಿಡೀ ಕೆರೆದು ತಿನ್ನುವುದು ಅದರ ಬದುಕು. ಅದು ಬೇಟೆಯ ಮೀನಲ್ಲ, ಮೇಯುವ ಮೀನು.

ಅಂಗಡಿಗೆ ಬರುವ ಓಟೋಗಳಲ್ಲಿ ಬಹುಪಾಲು ಇಂದಿಗೂ ನದಿಯಿಂದಲೇ ಹಿಡಿದವು. ಬಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಪ್ಲಾಸ್ಟಿಕ್ ಚೀಲಕ್ಕೆ, ಅಲ್ಲಿಂದ ವಿಮಾನಕ್ಕೆ, ಕಡೆಗೆ ಅಂಗಡಿಯ ತೊಳೆದಿಟ್ಟ ಗಾಜಿನ ಪೆಟ್ಟಿಗೆಗೆ. ಈ ದೀರ್ಘ ಪ್ರಯಾಣದಲ್ಲಿ ಮೇಯಲು ಅದಕ್ಕೆ ಏನೂ ಇರುವುದಿಲ್ಲ. ಮನೆ ಸೇರುವಷ್ಟರಲ್ಲಿ ಅದು ಹಸಿವಿನಿಂದ ಅರೆಜೀವವಾಗಿರುತ್ತದೆ. ಹೊಸ ನೀರಿನ ಆಘಾತವೂ ಸೇರಿದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಾಕುವವರು ಅದನ್ನು 'ನಾಜೂಕಿನ ಜಾತಿ' ಎಂದು ಕರೆದು ಮತ್ತೆರಡನ್ನು ತರುತ್ತಾರೆ. ವಾಸ್ತವದಲ್ಲಿ ನಾಜೂಕಾಗಿರುವುದು ಮೀನಿಗಿಂತ ಹೆಚ್ಚಾಗಿ ಸಾಕುವವರ ತಾಳ್ಮೆ.

ಆದುದರಿಂದ ಮೊದಲು ಸಿದ್ಧವಾಗಬೇಕಾದುದು ನೀರು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯ ವಿಷವನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಓಟೋಗಳಿಗೆ ಅಷ್ಟೇ ಸಾಲದು. ಎಲೆ, ಕಲ್ಲು, ಮರದ ತುಂಡುಗಳ ಮೇಲೆ ಪಾಚಿಯ ಪದರ ಬಲಿಯಲು ಎರಡು ಮೂರು ತಿಂಗಳು ಕಾಯುವುದು ಲೇಸು. ತಿಕ್ಕಿ ತೊಳೆದು ಥಳಥಳಿಸುವ ಅಕ್ವೇರಿಯಂ ಮನುಷ್ಯನ ಕಣ್ಣಿಗೆ ಹಬ್ಬವಾಗಬಹುದು, ಓಟೋ ಪಾಲಿಗೆ ಅದು ಬರಡು ನೆಲ.

ಮೇವು ಕಡಿಮೆಯೆನಿಸಿದರೆ, ನೀರು ತುಂಬಿದ ಬಕೆಟ್ಟಿನಲ್ಲಿ ನಯವಾದ ಕಲ್ಲುಗಳನ್ನಿಟ್ಟು ಬಿಸಿಲಿಗೆ ಬಿಡಬೇಕು. ಕೆಲವು ವಾರಗಳಲ್ಲಿ ಅವುಗಳಿಗೆ ಹಸಿರು ಹತ್ತುತ್ತದೆ. ಪಾಚಿಗಟ್ಟಿದ ಕಲ್ಲುಗಳನ್ನು ಹಳ್ಳದಿಂದಲೇ ಎತ್ತಿ ತರುವುದು ಸಲ್ಲದು. ಹಳ್ಳದ ಒಂದೊಂದು ಕಲ್ಲಿನ ಅಡಿಯೂ ಜಲಕೀಟಗಳ ಮರಿಗಳ ಮನೆ.

ಅಂಗಡಿಯಲ್ಲಿ ಆಯ್ಕೆ ಮಾಡುವಾಗ ನೋಡಬೇಕಾದುದು ಮೀನಿನ ಹೊಟ್ಟೆಯನ್ನು. ಗಾಜಿಗೆ ಅಂಟಿಕೊಂಡಾಗ ಹೊಟ್ಟೆ ದುಂಡಗೆ ತೋರಿದರೆ ಅದು ಮೇಯುತ್ತಿದೆ ಎಂದರ್ಥ. ಒಳಕ್ಕೆ ಬತ್ತಿದ್ದರೆ ಬದುಕುವುದು ಕಷ್ಟ. ಅಂಗಡಿಗೆ ಅಂದೇ ಬಂದ ಮೀನನ್ನು ಕೊಳ್ಳದೆ ಒಂದೆರಡು ವಾರ ಕಾಯುವುದು ಒಳ್ಳೆಯದು. ಇದು ಗುಂಪುಜೀವಿಯಾದ್ದರಿಂದ ಒಂಟಿಯಾಗಿ ತರಬಾರದು, ಐದಾರಾದರೂ ಜೊತೆಗಿರಬೇಕು. ತಂದ ಗುಂಪಿಗೆಲ್ಲ ಮೇವಿರುವಷ್ಟು ದೊಡ್ಡ ತೊಟ್ಟಿಯೂ ಇರಬೇಕು.

ಮನೆಗೆ ತಂದ ಬಳಿಕ ಚೀಲವನ್ನು ಅಕ್ವೇರಿಯಂ ನೀರಿನ ಮೇಲೆ ಕಾಲುಗಂಟೆ ತೇಲಿಬಿಟ್ಟು ಉಷ್ಣತೆ ಸರಿಹೊಂದಿಸಬೇಕು. ಆಮೇಲೆ ಮೀನನ್ನೂ ಚೀಲದ ನೀರನ್ನೂ ಬಕೆಟ್ಟಿಗೆ ಸುರಿದು, ಸಣ್ಣ ನಳಿಕೆಗೆ ಗಂಟು ಹಾಕಿ, ಅಕ್ವೇರಿಯಂ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಸುಮಾರು ಒಂದು ಗಂಟೆ ಇಳಿಸಬೇಕು. ಅಡಕೆ ತೋಟಕ್ಕೆ ಹನಿ ನೀರಾವರಿ ಮಾಡಿದವರಿಗೆ ಇದು ಹೊಸ ವಿದ್ಯೆಯೇನಲ್ಲ. ಇಲ್ಲೊಂದು ಎಚ್ಚರಿಕೆಯಿದೆ. ದಿನಗಟ್ಟಲೆ ಮುಚ್ಚಿದ ಚೀಲದಲ್ಲಿ ಬಂದ ಮೀನಾದರೆ, ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ನೀರಿನ ಆಮ್ಲತೆ ತಗ್ಗುತ್ತದೆ. ಆಗ ನೀರಿನಲ್ಲಿದ್ದ ಅಮೋನಿಯ ಹೆಚ್ಚು ವಿಷಕಾರಿಯಾಗುತ್ತದೆ. ಅಂಥ ಮೀನನ್ನು ಹಳೆಯ ನೀರಿನಲ್ಲಿ ಬಹಳ ಹೊತ್ತು ಇಡಬಾರದು. ಯಾವ ಸಂದರ್ಭದಲ್ಲೂ ಚೀಲದ ನೀರನ್ನು ಅಕ್ವೇರಿಯಂಗೆ ಸುರಿಯದೆ, ಮೀನನ್ನಷ್ಟೇ ಮೃದುವಾದ ಜಾಲರಿಯಿಂದ ಎತ್ತಿ ಬಿಡಬೇಕು. ಅಂದು ದೀಪ ಆರಿಸಿ ಅದನ್ನು ಅದರ ಪಾಡಿಗೆ ಬಿಡುವುದು ಉಚಿತ.

ಮೊದಲ ವಾರಗಳಲ್ಲಿ ಸೌತೆಕಾಯಿಯ ಹೋಳನ್ನೋ ಪಾಲಕ್ ಎಲೆಯನ್ನೋ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ತಣಿಸಿ ಹಾಕಬಹುದು. ತಿನ್ನದೆ ಬಿಟ್ಟುದನ್ನು ಮರುದಿನವೇ ತೆಗೆಯಬೇಕು, ಇಲ್ಲವಾದರೆ ನೀರು ಕೆಡುತ್ತದೆ. ನೀರಿನ ಉಷ್ಣತೆ 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಘಟ್ಟದ ಮಾಗಿಯ ರಾತ್ರಿಗಳಲ್ಲಿ ಇದಕ್ಕೆ ಹೀಟರ್ ಬೇಕಾದೀತು. ಓಟೋಗಳು ಪದೇಪದೇ ಮೇಲೆ ಬಂದು ಗಾಳಿ ನುಂಗತೊಡಗಿದರೆ ನೀರಿನಲ್ಲಿ ಆಮ್ಲಜನಕ ಸಾಲದೆಂದು ಶಂಕಿಸಿ ಪರೀಕ್ಷಿಸಬೇಕು.

ಬಂಧುಗಳೇ, ಎಲ್ಲಿಯೋ ಹುಟ್ಟಿದ ಮೀನಿನ ಈ ಕಥೆ ಸಹ್ಯಾದ್ರಿಗೆ ಹೊರತಾದುದಲ್ಲ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲದೆ ಬೇರೆಲ್ಲೂ ಇಲ್ಲದ, ಕೆಂಪು ಗೆರೆಯ 'ಮಿಸ್ ಕೇರಳ' ಮೀನು ಇದೇ ಅಕ್ವೇರಿಯಂ ವ್ಯಾಪಾರಕ್ಕಾಗಿ ರಾಶಿರಾಶಿಯಾಗಿ ಹಿಡಿಯಲ್ಪಟ್ಟು ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿದೆ. ಅಲ್ಲಿನ ಹೊಳೆಯ ಮೀನು ಇಲ್ಲಿನ ಜಗುಲಿಗೆ ಬರುವಂತೆ, ಇಲ್ಲಿನ ಹೊಳೆಯ ಮೀನು ದೂರದೇಶದ ಕೋಣೆಗೆ ಹೋಗುತ್ತದೆ. ತನ್ನ ಹೊಳೆಯ ಮೀನಿಗಾಗಿ ಮರುಗುವವನು ಪರರ ಹೊಳೆಯ ಮೀನನ್ನು ಗಾಜು ಒರೆಸುವ ಬಟ್ಟೆಯಂತೆ ಬಳಸಿ ಎಸೆಯುವುದು ನ್ಯಾಯವಲ್ಲ.

ಇನ್ನೊಂದು ಮಾತು. ಸಾಕಲಾರದೆ ಬೇಸತ್ತವರು ಮೀನನ್ನು 'ಪುಣ್ಯ ಬರಲಿ' ಎಂದು ಕೆರೆಗೋ ಹೊಳೆಗೋ ಬಿಡುವುದುಂಟು. ಓಟೋ ಬಂಧುವೇ ಆದ, ದೊಡ್ಡದಾಗಿ ಬೆಳೆಯುವ ಸಕ್ಕರ್ ಕ್ಯಾಟ್‌ಫಿಶ್ ಅಕ್ವೇರಿಯಂಗಳಿಂದ ಹೊರಬಿದ್ದು ಭಾರತದ ಹಲವು ರಾಜ್ಯಗಳ ಕೆರೆ, ನದಿಗಳಲ್ಲಿ ನೆಲೆಯೂರಿ, ಮೀನುಗಾರರ ಬಲೆ ಹರಿಯುತ್ತಿದೆ. ಬೇಡವಾದ ಮೀನನ್ನು ಅಂಗಡಿಗೋ ಮತ್ತೊಬ್ಬ ಹವ್ಯಾಸಿಗೋ ಒಪ್ಪಿಸಬೇಕೇ ಹೊರತು ಹರಿಯುವ ನೀರಿಗೆ ಬಿಡಕೂಡದು.

ಗಾಜಿಗೆ ಕಟ್ಟಿದ ಪಾಚಿಯನ್ನು ತೆಗೆಯಲು ಒಂದು ತುಂಡು ಸ್ಪಂಜು ಸಾಕು. ಓಟೋವನ್ನು ತರುವುದಾದರೆ ಕೂಲಿಯಾಳಾಗಿ ಅಲ್ಲ, ಮನೆಯ ಜೀವವಾಗಿ ತರಬೇಕು. ಮೇವು ಸಿದ್ಧವಾಗುವವರೆಗೆ ಕಾಯಲಾರದವರು ಅದನ್ನು ಅದರ ಹೊಳೆಯಲ್ಲೇ ಇರಗೊಡುವುದು ಮೇಲು.