ಯಾವ ವಿಷಯ ತೆಗೆದುಕೊಳ್ಳೋಣ?



ಮೈಸೂರಿನಿಂದ ನಂಜನಗೂಡು ದಾಟಿ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೆ. ಎರಡಕ್ಕೂ ಕಾಡಿನ ಅಂಚಿನಲ್ಲಿ ಗೇಟು ಇದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಬೆರಳೆಣಿಕೆಯ ಬಸ್ಸು ಮತ್ತು ತುರ್ತು ವಾಹನಗಳನ್ನು ಬಿಟ್ಟರೆ ಬೇರಾವುದನ್ನೂ ಒಳಗೆ ಬಿಡುವುದಿಲ್ಲ. ಒಂಬತ್ತೂ ಐದಕ್ಕೆ ಬಂದ ಲಾರಿಯವನು ಅಲ್ಲೇ ಮಲಗಿ ಬೆಳಗು ಮಾಡಬೇಕು. ಗೇಟಿನವನಿಗೆ ಆತನ ಮೇಲೆ ಕೋಪವೇನೂ ಇಲ್ಲ. ನಿಯಮ ಹಾಗಿದೆ, ಅಷ್ಟೆ. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಎರಡು ನಿಮಿಷ ನಿಂತು ವಿಚಾರಿಸಿದ್ದರೆ ಆತ ಊಟ ಮಾಡಿ ಒಳ್ಳೆಯ ಜಾಗದಲ್ಲಿ ಮಲಗಬಹುದಿತ್ತು.

ನಾನು ಇಂದು ನಿಮ್ಮ ಜೊತೆ ಮಾತನಾಡಬೇಕೆಂದಿರುವುದು ಇಂಥ ಒಂದು ಕವಲಿನ ಬಗ್ಗೆ. ಎಸ್.ಎಸ್.ಎಲ್.ಸಿ.ವರೆಗೆ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಒಟ್ಟು 625 ಅಂಕ. ಭಾಷೆಯ ಆಯ್ಕೆಯೊಂದನ್ನು ಬಿಟ್ಟರೆ ಊರಿನ ಎಲ್ಲ ಮಕ್ಕಳೂ ಒಂದೇ ಬಸ್ಸಿನಲ್ಲಿ ಇರುತ್ತಾರೆ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಒಂದು ಕಾಲೇಜಿನ ಕಿಟಕಿಯ ಮುಂದೆ ನಿಲ್ಲುತ್ತೀರಿ. ಪಿ.ಯು.ಸಿ.ಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕರ ಹೆಸರನ್ನು ಅರ್ಜಿಯಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಅದರ ಪರಿಣಾಮ ಮಾತ್ರ ಹತ್ತು ವರ್ಷ ಜೊತೆಗೆ ಬರುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ನಾನು ಹತ್ತನೆಯ ತರಗತಿ ಮುಗಿಸಿದ್ದು 1995ರಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಿಂದ. ಆಗಿನ್ನೂ ನಾವು ಮೈಸೂರು ಜಿಲ್ಲೆಯವರು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಪ್ಪ ಅರಿಶಿನ ಬೆಳೆಯುತ್ತಿದ್ದರು. ಮಳೆ ಜಾಸ್ತಿಯಾದ ವರ್ಷ ಗೆಡ್ಡೆ ಕೊಳೆ ರೋಗ ಬಂದು ಅರ್ಧ ಹೊಲ ಹಳದಿಯಾಗಿ ಬಿದ್ದುಹೋಗುತ್ತಿತ್ತು. "ಓದ್ಕಂಡು ಬಂದು ಇದು ಯಾಕ್ ಹಿಂಗ್ ಕೊಳೀತದೆ ಅಂತ ನಮ್ಗೂ ಯೋಳ್ಕೊಡು ಮೊಗ" ಎಂದಿದ್ದರು. ನನಗೂ ಕೃಷಿ ಪದವಿ ಓದಬೇಕೆಂಬ ಆಸೆ ಇತ್ತು. ಹೀಗಿದ್ದೂ ನಾನು ಮಾಡಿದ್ದೇನು? ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು "ಯಾವ ಕಾಂಬಿನೇಷನ್?" ಎಂದಾಗ ಮುಂದೆ ನಿಂತಿದ್ದ ಗೆಳೆಯ ಏನು ಹೇಳಿದನೋ ಅದನ್ನೇ ಹೇಳಿದೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್. ಕಪ್ಪೆ ಕೊಯ್ಯುವುದು ತಪ್ಪಿತು ಎಂಬ ಸಮಾಧಾನವೂ ಇತ್ತೆನ್ನಿ! ಎರಡು ವರ್ಷ ಕಷ್ಟಪಟ್ಟು ಓದಿ ಪ್ರಥಮ ದರ್ಜೆಯಲ್ಲಿ ಪಾಸಾದೆ. ಕೃಷಿ ಪದವಿಯ ಅರ್ಜಿ ತಂದು ಬಿಡಿಸಿ ನೋಡಿದರೆ ಅರ್ಹತೆಯ ಕಾಲಮಿನಲ್ಲಿ ಜೀವಶಾಸ್ತ್ರ ಎಂದಿತ್ತು. ಆ ಕಾಗದವನ್ನು ಅಪ್ಪನಿಗೆ ಓದಿ ಹೇಳಿದ ಸಂಜೆ ನನಗೆ ಇಂದಿಗೂ ನೆನಪಿದೆ. ಅವರು ಬೈಯಲಿಲ್ಲ. "ಪಾಸಾಗಿದ್ದೀಯಲ್ಲಾ?" ಎಂದು ಎರಡು ಸಲ ಕೇಳಿದರು.

ಆ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ಪಾಸಾಗುವುದು ಒಂದು ಬಾಗಿಲು. ಮುಂದಿನ ಕೋರ್ಸಿಗೆ ಅರ್ಹರಾಗುವುದು ಇನ್ನೊಂದು. ಎರಡಕ್ಕೂ ಬೀಗದ ಕೈ ಬೇರೆ ಬೇರೆ. ನಮ್ಮ ಮನೆಗಳಲ್ಲಿ ಮೊದಲನೆಯದರ ಬಗ್ಗೆ ಇರುವ ಆತಂಕದ ಕಾಲುಭಾಗ ಎರಡನೆಯದರ ಬಗ್ಗೆ ಇರುವುದಿಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಕಷ್ಟು ಕನ್ನಡ ಕುಟುಂಬಗಳಿವೆ. ಅಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ನಾಲ್ಕು ವರ್ಷ. ಪ್ರತಿ ವರ್ಷವೂ ವಿದ್ಯಾರ್ಥಿಯೇ ವಿಷಯಗಳನ್ನು ಆರಿಸಿಕೊಳ್ಳಬೇಕು. ಹೈಸ್ಕೂಲು ಮುಗಿಸಲು ಆ ರಾಜ್ಯದ ಕಾನೂನು ಕೇಳುವ ಕನಿಷ್ಠ ಗಣಿತ ಎರಡು ವರ್ಷ. ಆದರೆ ಅದೇ ರಾಜ್ಯದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಬೇಕಾದರೆ ಗಣಿತ ಮೂರು ವರ್ಷ ಆಗಿರಬೇಕು, ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಎರಡು ವರ್ಷ ಆಗಿರಬೇಕು. ಒಟ್ಟು ಹದಿನೈದು ಕೋರ್ಸುಗಳ ಪಟ್ಟಿಯೇ ಇದೆ. ಕನಿಷ್ಠವನ್ನಷ್ಟೇ ನೆಚ್ಚಿದ ಹುಡುಗ ಪ್ರಮಾಣಪತ್ರ ಕೈಯಲ್ಲಿ ಹಿಡಿದು ಹೊರಗೆ ನಿಲ್ಲಬೇಕಾಗುತ್ತದೆ. ಅಲ್ಲಿಯ ಶಾಲೆಗಳಲ್ಲಿ ಇದನ್ನು ಕೂತು ವಿವರಿಸಲೆಂದೇ ಸಲಹೆಗಾರರು ಇರುತ್ತಾರೆ. ನಮಗೆ ಇರುವುದು ಗೆಳೆಯ, ಸೋದರಮಾವ ಮತ್ತು ಜೆರಾಕ್ಸ್ ಅಂಗಡಿಯವನು.

ನಾನೀಗ ಟೆಲಿವಿಷನ್ ಕಾರ್ಯಕ್ರಮಗಳ ನಿರ್ಮಾಪಕ. ನಮ್ಮ ಕಸುಬಿನಲ್ಲಿ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಸಂಜೆ ಏಳೂವರೆಗೆ ಪ್ರಸಾರ ಎಂದರೆ ಎಷ್ಟು ಗಂಟೆಗೆ ಸಂಕಲನ ಮುಗಿಯಬೇಕು, ಅದಕ್ಕೆ ಮುಂಚೆ ಯಾವ ದಿನ ಚಿತ್ರೀಕರಣ, ಅದಕ್ಕೂ ಮುಂಚೆ ಜೀಪು ಮತ್ತು ಕ್ಯಾಮೆರಾ ಯಾವಾಗ ಕೇಳಬೇಕು ಎಂದು ಹಿಂದಕ್ಕೆ ಹಿಂದಕ್ಕೆ ಬರೆದುಕೊಂಡು ಹೋಗುತ್ತೇವೆ. ವಿಷಯದ ಆಯ್ಕೆಯನ್ನೂ ಹೀಗೆಯೇ ಮಾಡಬೇಕು ಎಂದು ನನಗೆ ಬಹಳ ತಡವಾಗಿ ಹೊಳೆಯಿತು.

ಒಂದು ಉದಾಹರಣೆ ನೋಡಿ. ಹಂಗಳ, ಮೇಲುಕಾಮನಹಳ್ಳಿ ಕಡೆಯ ಹುಡುಗರಿಗೆ ಅರಣ್ಯಾಧಿಕಾರಿ ಎಂದರೆ ಒಂದು ಬಗೆಯ ಆಕರ್ಷಣೆ. ಸಹಜವೇ. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು; ಆ ಜೀಪುಗಳನ್ನು ನೋಡುತ್ತಲೇ ಈ ಮಕ್ಕಳು ಬೆಳೆಯುತ್ತಾರೆ. "ದೊಡ್ಡ ಅಧಿಕಾರಿಯಾಗಬೇಕಾದರೆ ಕಲಾ ವಿಭಾಗ ಒಳ್ಳೆಯದು, ಸಾಮಾನ್ಯ ಜ್ಞಾನ ಬರುತ್ತದೆ" ಎಂದು ಯಾರೋ ಹೇಳಿರುತ್ತಾರೆ. ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗಳಿಗೆ ಈ ಮಾತು ತಪ್ಪಲ್ಲ, ಅಲ್ಲಿ ಯಾವ ಪದವಿಯಾದರೂ ಆದೀತು. ಆದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು. ಈಗ ಹಿಂದಕ್ಕೆ ಬನ್ನಿ. ಪದವಿಯಲ್ಲಿ ಸಸ್ಯಶಾಸ್ತ್ರ ಬೇಕಾದರೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿರಬೇಕು. ಅಲ್ಲಿಗೆ ಹುಲಿಯ ಕಾಡಿನ ಅಧಿಕಾರಿಯ ಕುರ್ಚಿ ಹದಿನಾರನೆಯ ವಯಸ್ಸಿನ ಅರ್ಜಿಗೆ ಬಂದು ತಲುಪಿತು. ಹೈಸ್ಕೂಲಿನ ಮೇಷ್ಟ್ರಾಗಬೇಕು ಎನ್ನುವವರಿಗೂ ಇದೇ ಮಾತು. ಅಲ್ಲೂ ಪದವಿಯಲ್ಲಿ ಯಾವ ಯಾವ ವಿಷಯ ಓದಿದ್ದೀರಿ ಎಂಬುದನ್ನು ನೋಡಿಯೇ ಹುದ್ದೆ ಕೊಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಈಗ ಅವಕಾಶಗಳಿಗೆ ಕೊರತೆ ಇಲ್ಲ. ಚಾಮರಾಜನಗರದಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, 2016ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ನನ್ನ ಕಾಲದಲ್ಲಿ ಇವು ಕನಸು. ಎಂಜಿನಿಯರಿಂಗಿಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಎಲೆಕ್ಟ್ರಾನಿಕ್ಸ್, ಜೀವಶಾಸ್ತ್ರ ಮುಂತಾದುವುಗಳಲ್ಲಿ ಒಂದು. ಈ ಮೂರರಲ್ಲಿ ಒಟ್ಟಾಗಿ ಶೇಕಡ 45, ಮೀಸಲಾತಿ ವರ್ಗದವರಿಗೆ ಶೇಕಡ 40 ಅಂಕ ಬೇಕು. ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕೆಂಬುದು ನಿಮಗೆ ಗೊತ್ತು. ಆದರೆ ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಅರ್ಧಪಾಲು ಆ ಪರೀಕ್ಷೆಯದು, ಇನ್ನರ್ಧ ದ್ವಿತೀಯ ಪಿ.ಯು.ಸಿ.ಯ ಈ ವಿಷಯಗಳ ಅಂಕಗಳದು ಎಂಬುದನ್ನು ಅನೇಕರು ಮರೆಯುತ್ತಾರೆ. ಕೋಚಿಂಗ್ ನೆಚ್ಚಿಕೊಂಡು ಕಾಲೇಜಿಗೆ ಚಕ್ಕರ್ ಹೊಡೆಯುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಲಿ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ. ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್. ಜೀವಶಾಸ್ತ್ರ ಬಿಟ್ಟವರು ಹನ್ನೆರಡನೆಯದು ಮುಗಿದ ಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಓದಿ ನೀಟ್ ಬರೆಯಬಹುದೆಂದು 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿತು. ಬಾಗಿಲು ತುಸು ಸಡಿಲವಾಗಿದೆ ಎನ್ನಬಹುದು. ಅದನ್ನು ನಂಬಿ ಮೊದಲೇ ಬಿಟ್ಟುಬಿಡುವುದು ಜಾಣತನವಲ್ಲ.

ಹಾಗಾದರೆ ಎಲ್ಲ ಬಾಗಿಲೂ ತೆರೆದಿರಲಿ, ಪಿ.ಸಿ.ಎಂ.ಬಿ. ತೆಗೆದುಕೊಂಡುಬಿಡೋಣ ಎನ್ನುತ್ತೀರಾ? ಶಕ್ತಿ ಇದ್ದರೆ ಆಗಬಹುದು. ಆದರೆ ನಾಲ್ಕೂ ಭಾರವಾದ ವಿಷಯಗಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಆರು ತಿಂಗಳು ಪಾಠಕ್ಕಿಂತ ಪದಗಳ ಜೊತೆಯೇ ಗುದ್ದಾಟ. ಗಣಿತ ಕಂಡರೆ ಕೈನಡುಗುವ ಹುಡುಗಿಯನ್ನು "ಇರಲಿ, ಒಂದು ಜಾಸ್ತಿ" ಎಂದು ಅದಕ್ಕೆ ದೂಡಿ, ನಾಲ್ಕರಲ್ಲೂ ಸೋರಿಹೋದದ್ದನ್ನು ನಾನು ಕಂಡಿದ್ದೇನೆ. ಲೆಕ್ಕಪತ್ರದಲ್ಲಿ ಆಸಕ್ತಿ ಇರುವವರು ವಾಣಿಜ್ಯ ವಿಭಾಗಕ್ಕೆ, ಇತಿಹಾಸ-ರಾಜ್ಯಶಾಸ್ತ್ರದಲ್ಲಿ ಮನಸ್ಸಿರುವವರು ಕಲಾ ವಿಭಾಗಕ್ಕೆ ಹೋಗುವುದು ಸೋಲಲ್ಲ. ಕಾನೂನಿಗೆ, ಪತ್ರಿಕೋದ್ಯಮಕ್ಕೆ, ಆಡಳಿತ ಸೇವೆಗೆ ಅದೇ ಹತ್ತಿರದ ದಾರಿ. ಕೈಕೆಲಸದಲ್ಲಿ ಚುರುಕಾಗಿರುವವರಿಗೆ ಎಸ್.ಎಸ್.ಎಲ್.ಸಿ. ಆದಮೇಲೆ ಮೂರು ವರ್ಷದ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಈ ದಾರಿಯನ್ನು ನಮ್ಮ ಕಡೆ ಯಾಕೋ ಕೀಳಾಗಿ ಕಾಣುತ್ತಾರೆ.

ಇನ್ನು ಅಣ್ಣ-ಅಕ್ಕಂದಿರ ಮಾತು. ಅವರು ಹೇಳುವುದು ಪ್ರೀತಿಯಿಂದಲೇ, ಆದರೆ ಅವರ ಕಾಲದ ನಿಯಮ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೂರು ವರ್ಷ ಹಿರಿಯ ಅಣ್ಣನೂ ಬೇರೆಯೇ ರಸ್ತೆಯಲ್ಲಿ ಬಂದಿರುತ್ತಾನೆ. ಆದ್ದರಿಂದ ನೀವು ಸೇರಬೇಕೆಂದಿರುವ ಕೋರ್ಸಿನ ಈ ವರ್ಷದ ಮಾಹಿತಿ ಪುಸ್ತಿಕೆಯನ್ನೇ ತೆಗೆದು ಅರ್ಹತೆಯ ಪುಟವನ್ನು ಓದಬೇಕು. ಅದೇ ಪುಸ್ತಿಕೆಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ವಿವರವೂ ಸಿಗುತ್ತದೆ. ಇವೆರಡಕ್ಕೂ ಲೆಕ್ಕಕ್ಕೆ ಬರುವುದು ಒಂದರಿಂದ ಹತ್ತನೆಯ ತರಗತಿವರೆಗಿನ ಓದು. ಪಿ.ಯು.ಸಿ.ಗೆ ಪಟ್ಟಣಕ್ಕೆ ಹೋದ ಮಾತ್ರಕ್ಕೆ ಅದು ಕೈತಪ್ಪುವುದಿಲ್ಲ. ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆ ಬಿಡುವಾಗಲೇ ಮಾಡಿಸಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಮುಖ್ಯೋಪಾಧ್ಯಾಯರನ್ನು ಹುಡುಕಿಕೊಂಡು ಅಲೆಯುವ ಕಷ್ಟ ತಪ್ಪುತ್ತದೆ.

ಪುಸ್ತಿಕೆ ಓದಿದರೂ ತೀರದ ಒಂದು ಕಷ್ಟ ಇದೆ. ಹೋದ ವರ್ಷ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಚಾಮರಾಜನಗರಕ್ಕೆ ಬಂದಿದ್ದೆವು. ಬಿಡುವಿನಲ್ಲಿ ತೆರಕಣಾಂಬಿ ಕಡೆಯ ಒಂದು ಹುಡುಗಿ ಬಂದು ಮಾತನಾಡಿಸಿದಳು. ದ್ವಿತೀಯ ಪಿ.ಯು.ಸಿ., ಕಲಾ ವಿಭಾಗ, ಒಳ್ಳೆಯ ಅಂಕ. ಬಿ.ಎಸ್ಸಿ. ನರ್ಸಿಂಗ್ ಮಾಡಬೇಕು, ಅದರ ಬಗ್ಗೆ ಕಾರ್ಯಕ್ರಮ ಮಾಡುತ್ತೀರಾ ಸಾರ್ ಎಂದು ಕೇಳಿದಳು. ಆ ಕೋರ್ಸಿಗೆ ಭೌತ, ರಸಾಯನ, ಜೀವಶಾಸ್ತ್ರ ಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕಲಾ ವಿಭಾಗ ಯಾಕೆ ತೆಗೆದುಕೊಂಡೆ ಎಂದರೆ, "ಹತ್ತಿರದ ಕಾಲೇಜಲ್ಲಿ ಅದೇ ಇತ್ತು. ಸೈನ್ಸು ಅಂದ್ರೆ ಬಸ್ಸಲ್ಲಿ ಓಡಾಡ್ಬೇಕು, ಸಂಜೆ ಪ್ರಾಕ್ಟಿಕಲ್ ಮುಗಿಸ್ಕೊಂಡು ಬರೋದು ಕತ್ತಲಾಯ್ತದೆ ಅಂತ ಮನೇಲಿ ಬೇಡ ಅಂದ್ರು" ಎಂದಳು.

ಅವಳ ವಿಷಯವನ್ನು ಆರಿಸಿದ್ದು ಬಸ್ಸಿನ ವೇಳಾಪಟ್ಟಿ. ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ವಿಷಯದಲ್ಲಿ ಹೀಗೇ ಆಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು, ಕತ್ತಲಿನ ಚಿಂತೆ ಹೋಗಲಿಲ್ಲ. ಇಂಥ ಮನೆಯವರು ಅರ್ಜಿ ಹಾಕುವ ಮುಂಚೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಯಾವ ದಿನ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಬೇಕು. ಹಾಸ್ಟೆಲ್ ಸೌಲಭ್ಯ ವಿಚಾರಿಸಬೇಕು. ಅದೇ ರಸ್ತೆಯ ಇನ್ನೊಬ್ಬ ಹುಡುಗಿ ಸೇರುತ್ತಾಳೆಯೇ ನೋಡಬೇಕು. ಇಬ್ಬರಾದರೆ ಮನೆಯವರು ಒಪ್ಪುವುದು ಸುಲಭ. ಹಿಂಜರಿಯದೆ ಅಪ್ಪ-ಅವ್ವನನ್ನೇ ಕಾಲೇಜಿಗೆ ಕರೆದುಕೊಂಡು ಹೋಗಿ. ಸೇರಿದ ಮೇಲೆ ವಿಷಯ ತಪ್ಪಾಯಿತು ಎನಿಸಿದರೆ ಮೊದಲ ವಾರಗಳಲ್ಲೇ ಪ್ರಾಂಶುಪಾಲರನ್ನು ಕಾಣಿ. ದಸರೆ ಕಳೆದ ಮೇಲೆ ಹೋದರೆ ಅವರ ಕೈಯಲ್ಲೂ ಏನಿರುವುದಿಲ್ಲ.

ಆ ಹುಡುಗಿಗೆ ನಾನು ಕೊಟ್ಟ ಉತ್ತರ ಸಿಹಿಯಾಗಿರಲಿಲ್ಲ. ವಿಜ್ಞಾನದ ವಿಷಯಗಳನ್ನು ಮೊದಲಿನಿಂದ ಓದಬೇಕಾಗುತ್ತದೆ, ವರ್ಷಗಳು ಹಿಡಿಯುತ್ತವೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನಿಂದ ಪೆನ್ನು ಇಸಕೊಂಡು, ಯಾವ ಯಾವ ಕೋರ್ಸಿಗೆ ಯಾವ ಯಾವ ವಿಷಯ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. "ನನ್ ತಂಗಿ ಹತ್ತನೇ ಕ್ಲಾಸು ಸಾರ್" ಎಂದಳು.