ಓಟದ ಗಾಡಿಗೆ ಎಂಥ ಕ್ಲಚ್ಚು?



ಓಟದ ಕಾರಿಗೆ ಕ್ಲಚ್ಚು ಆರಿಸುವಾಗ ಯಜಮಾನರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಇರುವುದರಲ್ಲೆಲ್ಲಾ ಗಟ್ಟಿ ಸ್ಪ್ರಿಂಗು ಹಾಕಿಬಿಡಿ." ನಾವು ಇದನ್ನು ಒಪ್ಪುವುದಿಲ್ಲ. ಗಟ್ಟಿ ಸ್ಪ್ರಿಂಗು ಹಾಕಿದರೆ ಪ್ಲೇಟು ಜಾರುವುದಿಲ್ಲ, ನಿಜ. ಆದರೆ ಚಾಲಕನ ಕಾಲು ಸೋಲುತ್ತದೆ; ಪೆಡಲು ಒತ್ತಿದಾಗಲೆಲ್ಲ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗು ಸವೆಯುತ್ತದೆ; ಒಮ್ಮೆಲೇ ಕಚ್ಚಿದ ಪೆಟ್ಟು ಗೇರ್‌ಬಾಕ್ಸಿಗೆ ಬೀಳುತ್ತದೆ.

ಹಿಡಿತದ ಲೆಕ್ಕ ಸುಲಭ. ಘರ್ಷಣೆಯ ಗುಣಾಂಕ, ಸ್ಪ್ರಿಂಗಿನ ಒತ್ತಡ, ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ, ಈ ನಾಲ್ಕನ್ನೂ ಗುಣಿಸಿದರಾಯಿತು. ಗುಣಾಂಕ 0.3, ಒತ್ತಡ 5000 ನ್ಯೂಟನ್, ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಪ್ಲೇಟಿಗೆ ಎರಡು ಮುಖ. ಹಿಡಿತ 300 ನ್ಯೂಟನ್ ಮೀಟರ್. ಅದೇ ಸ್ಪ್ರಿಂಗಿನ ಕೆಳಗೆ 7 ಸೆಂಟಿಮೀಟರ್ ತ್ರಿಜ್ಯದ ಎರಡು ಪ್ಲೇಟು ಹಾಕಿ. ಹಿಡಿತ 420ಕ್ಕೆ ಏರುತ್ತದೆ. ಪೆಡಲಿನ ಭಾರ ಮಾತ್ರ ಹೆಚ್ಚಲಿಲ್ಲ. ದಪ್ಪ ಒಂದೇ ಆಗಿದ್ದರೆ ಆ ಎರಡು ಚಿಕ್ಕ ಪ್ಲೇಟುಗಳ ತಿರುಗುವ ಜಡತ್ವ ದೊಡ್ಡದೊಂದರ ಅರ್ಧದಷ್ಟೇ. ಗೇರು ಬೇಗ ಬೀಳುವುದು ಅದರಿಂದಲೇ. ಎಂಜಿನ್ನಿನ ಅತಿ ಹೆಚ್ಚಿನ ಟಾರ್ಕಿಗಿಂತ ಹಿಡಿತವು ಕಾಲು ಭಾಗದಿಂದ ಅರ್ಧ ಭಾಗದವರೆಗೆ ಹೆಚ್ಚಿದ್ದರೆ ಸಾಕು.

ಲೋಹದ ಪುಡಿಯನ್ನು ಒತ್ತಿ ಬೇಯಿಸಿ ಮಾಡಿದ ಪ್ಲೇಟು ಕಾವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಹೊರಡುವಾಗ ನಡುಗಿಸುತ್ತದೆ, ಫ್ಲೈವೀಲನ್ನೂ ತಿನ್ನುತ್ತದೆ. ವಾರಕ್ಕೆ ಆರು ದಿನ ಪೇಟೆಯಲ್ಲಿ ಓಡುವ ಗಾಡಿಗೆ ಅದು ಬೇಡ.

ಜೋಡಿಸಿದ ಮೇಲೆ ಪೆಡಲಿನ ಓಟವನ್ನು ನೋಡಿರಿ. ಪ್ಲೇಟು ಪೂರ್ತಿ ಬಿಟ್ಟುಕೊಂಡ ಮೇಲೂ ಒತ್ತುತ್ತ ಹೋದರೆ ಡಯಾಫ್ರಮ್ ಸ್ಪ್ರಿಂಗು ಹಾಳಾಗುತ್ತದೆ. ಆದುದರಿಂದ ಪೆಡಲಿಗೆ ತಡೆ ಬೋಲ್ಟು ಇರಲೇಬೇಕು. ಹೊಸ ಪ್ಲೇಟನ್ನು ಮೊದಲು ನಿಧಾನವಾಗಿ ಪಳಗಿಸಿರಿ. ಪ್ರತಿ ಓಟದ ನಂತರ ದಪ್ಪವನ್ನು ಅಳೆದು ಬರೆದಿಡಿ. ಕಣ್ಣಂದಾಜು ಇಲ್ಲಿ ನಡೆಯದು.

ಇನ್ನು ಜೀವದ ಮಾತು. ಹಿಂದಿನ ಡ್ರ್ಯಾಗ್ ಓಟದ ಗಾಡಿಗಳಲ್ಲಿ ಎಂಜಿನ್ನು ಮುಂದೆ, ಚಾಲಕ ಹಿಂದೆ. ಕ್ಲಚ್ಚು, ಗೇರ್‌ಬಾಕ್ಸು ಎಲ್ಲ ಅವನ ಕಾಲುಗಳ ಬಳಿಯೇ. 1970ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಚಾಲಕರ ಗಾಡಿಯ ಗೇರ್‌ಬಾಕ್ಸು ಓಟ ಹೊರಡುವಾಗಲೇ ಸಿಡಿದು, ಅವರ ಬಲಪಾದದ ಒಂದು ಭಾಗ ಹೋಯಿತು. ಮುಂದಿನ ವರ್ಷ ಅವರು ಎಂಜಿನ್ನನ್ನು ತಮ್ಮ ಬೆನ್ನ ಹಿಂದೆ ಇಟ್ಟು ಗಾಡಿ ಕಟ್ಟಿ ಗೆದ್ದರು. ಅತಿ ವೇಗದಲ್ಲಿ ಫ್ಲೈವೀಲೂ ಕ್ಲಚ್ಚೂ ಹಾಗೆಯೇ ಸಿಡಿಯಬಲ್ಲವು. ಎರಕದ ಕಬ್ಬಿಣದ ಹಳೆಯ ಫ್ಲೈವೀಲನ್ನು ತೂಕ ಇಳಿಸಲೆಂದು ಲೇತಿನಲ್ಲಿ ಕೊರೆದು ಓಟಕ್ಕೆ ಬಿಡಲೇಬಾರದು. ಯಜಮಾನರು ಒತ್ತಾಯಿಸಿದರೂ ಆಗದೆನ್ನಿರಿ. ಉಕ್ಕಿನದನ್ನೇ ಹಾಕಿ, ಸುತ್ತ ಉಕ್ಕಿನ ಕವಚವನ್ನೂ ಕಟ್ಟಬೇಕು.

ಸಿಡಿಯದೆಯೂ ಕೊಲ್ಲುವುದು ಧೂಳು. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಹೌಸಿಂಗು ಬಿಚ್ಚಿದೊಡನೆ ಗಾಳಿ ಹೊಡೆದು ಊದಬೇಡಿರಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಿರುವಾಗಲೇ ಚೀಲದಲ್ಲಿ ಕಟ್ಟಿಡಿ. ಕೆಲಸ ಕಲಿಯಲು ಬಂದ ಚಿಕ್ಕ ಹುಡುಗರ ಕೈಗೆ ಈ ಕೆಲಸವನ್ನು ಕೊಡಬೇಡಿರಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಲು ಹಾಕಬೇಡಿರಿ.